ಪೆಟ್ಟಿಗೆ ಹಿಂದಕ್ಕೆ ಜಾರುವುದೇ?

ಪ್ರಶ್ನೆ: ಸಮತಟ್ಟಾದ ನೆಲದ ಮೇಲಿರುವ 10 ಕಿಲೋಗ್ರಾಂ ತೂಕದ ಪೆಟ್ಟಿಗೆಯನ್ನು 30 ನ್ಯೂಟನ್ ಬಲದಿಂದ ಅಡ್ಡಲಾಗಿ ತಳ್ಳಲಾಗಿದೆ. ಸ್ಥಿರ ಘರ್ಷಣಾಂಕ 0.5, ಚಲನ ಘರ್ಷಣಾಂಕ 0.4. ಗುರುತ್ವವನ್ನು 9.8 ಎಂದು ಹಿಡಿದರೆ ಘರ್ಷಣೆ 0.5 × 10 × 9.8 = 49 ನ್ಯೂಟನ್ ಬರುತ್ತದೆ. 30ರಿಂದ ಅದನ್ನು ಕಳೆದರೆ ಉತ್ತರ ಋಣಾತ್ಮಕ. ಹಾಗಾದರೆ ಪೆಟ್ಟಿಗೆ ಹಿಂದಕ್ಕೆ ಜಾರುವುದೇ?
– ಹನ್ನೊಂದನೇ ತರಗತಿಯ ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಇಲ್ಲ, ಪೆಟ್ಟಿಗೆ ಇದ್ದಲ್ಲೇ ಇರುತ್ತದೆ. ನಿಮ್ಮ ಗುಣಾಕಾರ ಸರಿಯಾಗಿದೆ. ಆದರೆ 49 ನ್ಯೂಟನ್ ಎಂಬುದು ನೆಲ ಒಡ್ಡಬಲ್ಲ ಗರಿಷ್ಠ ಸ್ಥಿರ ಘರ್ಷಣೆಯೇ ಹೊರತು ಈಗ ಒಡ್ಡುತ್ತಿರುವ ಘರ್ಷಣೆಯಲ್ಲ. ನೀವು 10 ನ್ಯೂಟನ್ ಬಲದಿಂದ ತಳ್ಳಿದರೆ ಅದು 10, 30ರಿಂದ ತಳ್ಳಿದರೆ 30, ಹೀಗೆ ತಳ್ಳುವ ಬಲಕ್ಕೆ ತಕ್ಕಷ್ಟೇ ಏರುತ್ತ ಹೋಗಿ, 49ನ್ನು ದಾಟಬೇಕಾದಾಗ ಸೋಲುತ್ತದೆ. ಆದ್ದರಿಂದ ಮೊದಲು ಈ ಮಿತಿಯನ್ನು ಕಂಡುಕೊಂಡು, ತಳ್ಳುವ ಬಲ ಅದನ್ನು ಮೀರಿದೆಯೇ ಎಂದು ನೋಡದೆ ವೇಗೋತ್ಕರ್ಷದ ಲೆಕ್ಕಕ್ಕೆ ಕೈಹಾಕಬೇಡಿ. 60 ನ್ಯೂಟನ್ ಬಲ ಕೊಟ್ಟರೆ ಪೆಟ್ಟಿಗೆ ಜಾರುತ್ತದೆ. ಆಗ ಚಲನ ಘರ್ಷಣೆ 39.2, ಉಳಿಯುವ ಬಲ 20.8 ನ್ಯೂಟನ್, ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 2.08 ಮೀಟರ್.

ಇನ್ನೊಂದು ಮಾತನ್ನು ಹೇಳಲೇಬೇಕು: ಘರ್ಷಣೆ ಯಾವಾಗಲೂ ಚಲನೆಗೆ ವಿರುದ್ಧ ಎಂದು ಬಾಯಿಪಾಠ ಮಾಡಬೇಡಿ. ಅದು ವಿರೋಧಿಸುವುದು ತಾಗಿಕೊಂಡಿರುವ ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುವುದನ್ನು. ನಿಮ್ಮೂರಿನಿಂದ ಮುಂಬೈಯ ದಾದರಿನತ್ತ ಹೊರಟ ಲೋಕಲ್ ರೈಲು ವೇಗ ಹೆಚ್ಚಿಸಿಕೊಳ್ಳುವಾಗ, ಕಾಲ ಬಳಿ ಇಟ್ಟ ಚೀಲವನ್ನು ದಾದರಿನ ದಿಕ್ಕಿಗೆ ಒಯ್ಯುವ ಬಲ ಬೋಗಿಯ ನೆಲದ ಘರ್ಷಣೆಯೇ ಆಗಿರುವುದರಿಂದ, ಚಿತ್ರದಲ್ಲಿ ಅದರ ಬಾಣವನ್ನು ಮುಂದಕ್ಕೇ ಬರೆಯಬೇಕು.