ಕೆಳಗಿನ ಕೋರ್ಟುಗಳಲ್ಲಿ ಇಷ್ಟು ಮಹಿಳಾ ನ್ಯಾಯಾಧೀಶರಿದ್ದೂ ಮೇಲೆ ಯಾಕಿಲ್ಲ?

ಕುಮಟಾ ಹತ್ತಿರದ ಹಳ್ಳಿಯಲ್ಲಿರುವ ನಿಮ್ಮ ತಂಗಿ ಎಲ್‌ಎಲ್‌ಬಿ ಕೊನೇ ವರ್ಷದಲ್ಲಿದ್ದಾಳೆ, ಸಿವಿಲ್ ಜಡ್ಜ್ ಆಗಬೇಕೆಂದಿದ್ದಾಳೆ ಎಂದು ಬರೆದಿದ್ದೀರಿ. ಎರಡು ಪ್ರಶ್ನೆ ಕೇಳಿದ್ದೀರಿ: ತಾಲೂಕು ಕೋರ್ಟಿನಲ್ಲಿ ಕಾಣುವ ಹೆಂಗಸರು ಸುಪ್ರೀಂ ಕೋರ್ಟಿನವರೆಗೆ ಹೋಗುವಷ್ಟರಲ್ಲಿ ಎಲ್ಲಿ ಕಳೆದುಹೋಗುತ್ತಾರೆ? ಸಿವಿಲ್ ಜಡ್ಜ್ ಪರೀಕ್ಷೆಗೆ ಕೂರುವ ಮೊದಲು ಮೂರು ವರ್ಷ ವಕೀಲಿ ಮಾಡಿರಬೇಕು ಎಂದು ಹೊಸದಾಗಿ ಬಂದಿರುವ ನಿಯಮದಿಂದ ಅವಳಿಗೆ ತೊಂದರೆಯೇ?

ನಾನು ಶಿರಸಿಯಲ್ಲಿ ಹದಿನಾರು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಹೆಚ್ಚಿನವು ಪಾಲಿನ ದಾವೆ, ಬೇಣ-ಬೆಟ್ಟದ ಗಡಿ ತಕರಾರು, ಜೀವನಾಂಶದ ಅರ್ಜಿ. ಒಂದೊಂದು ದಿನ ಬೆಳಗಿಂದ ಸಂಜೆಯವರೆಗೆ ನಾನು ನಿಂತು ವಾದ ಮಾಡುವ ಪೀಠಗಳಲ್ಲೆಲ್ಲ ಹೆಂಗಸರೇ ಕುಳಿತಿರುತ್ತಾರೆ. ನಿಮಗೆ ಕಂಡದ್ದು ಸುಳ್ಳಲ್ಲ. ಇಂಡಿಯಾ ಜಸ್ಟಿಸ್ ರಿಪೋರ್ಟ್ 2025ರ ಪ್ರಕಾರ ದೇಶದ ಜಿಲ್ಲಾ ಮಟ್ಟದ ನ್ಯಾಯಾಂಗದಲ್ಲಿ ಮಹಿಳೆಯರು ಶೇ 38ರಷ್ಟಿದ್ದರೆ ಹೈಕೋರ್ಟುಗಳಲ್ಲಿ ಬರೀ ಶೇ 14. ಸುಪ್ರೀಂ ಕೋರ್ಟಿಗೆ 1989ರಲ್ಲಿ ಫಾತಿಮಾ ಬೀವಿ ಬಂದಾಗಿನಿಂದ 2025ರವರೆಗೆ ಒಟ್ಟು 11 ಮಂದಿ. ಆ ವರ್ಷ ಜೂನ್‌ನಲ್ಲಿ ಬೇಲಾ ತ್ರಿವೇದಿ ನಿವೃತ್ತರಾದ ಮೇಲೆ ಉಳಿದವರು ಬಿ.ವಿ. ನಾಗರತ್ನ ಒಬ್ಬರೇ.

ಅವರು ಕಳೆದುಹೋಗುವುದಿಲ್ಲ. ದಾರಿಯೇ ಉದ್ದ, ಅಷ್ಟರಲ್ಲಿ ವಯಸ್ಸು ಮುಗಿದಿರುತ್ತದೆ. ಸಿವಿಲ್ ಜಡ್ಜ್, ಸೀನಿಯರ್ ಸಿವಿಲ್ ಜಡ್ಜ್, ಜಿಲ್ಲಾ ನ್ಯಾಯಾಧೀಶೆ ಎಂದು ಒಂದೊಂದೇ ಮೆಟ್ಟಿಲು ಹತ್ತಿದವರ ಹೆಸರು ಹೈಕೋರ್ಟಿಗೆ ಪರಿಗಣನೆಗೆ ಬರುವ ಹೊತ್ತಿಗೆ ಐವತ್ತು ದಾಟಿ ಬಹಳ ಕಾಲವಾಗಿರುತ್ತದೆ. ಹೈಕೋರ್ಟಿನಲ್ಲಿ ನಿವೃತ್ತಿ 62ಕ್ಕೆ. ಫಾತಿಮಾ ಬೀವಿಯವರನ್ನೇ ನೋಡಿ: 1958ರಲ್ಲಿ ಮುನ್ಸಿಫ್, ಅಂದರೆ ಕೆಳಗಿನ ಮೆಟ್ಟಿಲಿನ ಸಿವಿಲ್ ನ್ಯಾಯಾಧೀಶೆ, ಆದವರು ಕೇರಳ ಹೈಕೋರ್ಟ್ ತಲುಪಿದ್ದು 1983ರಲ್ಲಿ. ಸುಪ್ರೀಂ ಕೋರ್ಟಿಗೆ ಕರೆ ಬಂದದ್ದು ಹೈಕೋರ್ಟಿನಿಂದ ನಿವೃತ್ತರಾದ ಮೇಲೆ. ನಾಗರತ್ನ ಅವರ ದಾರಿ ಬೇರೆ. ಬೆಂಗಳೂರಿನಲ್ಲಿ ವಕೀಲರಾಗಿದ್ದವರು 2008ರಲ್ಲಿ, 45ನೇ ವಯಸ್ಸಿಗೆ, ನೇರವಾಗಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಅದರಿಂದಲೇ ಅವರಿಗೆ ಮುಂದೆ ಸೇವಾ ಹಿರಿತನಕ್ಕೆ ಸಮಯ ಸಿಕ್ಕಿತು. ಹಿರಿತನದ ಸರದಿ ತಪ್ಪದಿದ್ದರೆ 2027ರ ಸೆಪ್ಟೆಂಬರ್‌ನಲ್ಲಿ ಅವರು ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. ಅದೂ ಐದು ವಾರ ಮಾತ್ರ.

ಅಂದರೆ ಎಳೆಯ ವಯಸ್ಸಿನಲ್ಲಿ ಮೇಲೆ ಹೋಗುವವರು ವಕೀಲರ ಸಾಲಿನಿಂದ ಹೋಗುತ್ತಾರೆ. ಆ ಸಾಲಿನಲ್ಲಿ ಹೆಂಗಸರು ನೂರಕ್ಕೆ ಹದಿನೈದರ ಆಸುಪಾಸು. ಅಲ್ಲಿ ಪರೀಕ್ಷೆ ಇಲ್ಲ, ಕೊಲಿಜಿಯಂ ಇದೆ, ಅಂದರೆ ಹೆಸರು ಆರಿಸಿ ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಗುಂಪು. ಹಿರಿಯ ನ್ಯಾಯಮೂರ್ತಿಗಳ ಕಣ್ಣಿಗೆ ನಿಮ್ಮ ಕೆಲಸ ವರ್ಷಗಟ್ಟಲೆ ಬೀಳಬೇಕು. ನಮ್ಮ ಜಿಲ್ಲೆಯವರಿಗೆ ಧಾರವಾಡದಲ್ಲಿ ಪೀಠ ಶುರುವಾದದ್ದು 2008ರಲ್ಲಿ. ಅದಕ್ಕೂ ಮೊದಲು ಹೈಕೋರ್ಟ್ ಎಂದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರು. ಮನೆ, ಮಕ್ಕಳು, ಮುದಿ ಅತ್ತೆ-ಮಾವ ಇರುವ ಶಿರಸಿಯ ವಕೀಲೆ ಅಲ್ಲಿ ಯಾರ ಕಣ್ಣಿಗೆ ಬಿದ್ದಾಳು?

ಪರೀಕ್ಷೆ ಇರುವ ಕಡೆ ನಮ್ಮ ಹುಡುಗಿಯರು ಓದಿ ಬರೆದು ಒಳಗೆ ಬಂದರು. ಈಗ ಆ ಬಾಗಿಲಿನ ಮುಂದೆಯೇ ವಕೀಲರ ಆಫೀಸಿನ ಬಾಗಿಲನ್ನು ತಂದು ನಿಲ್ಲಿಸಿದ್ದಾರೆ. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದೇ.

ಈ ನಿಯಮ ಪೂರ್ತಿ ಹೊಸದಲ್ಲ. ಮೊದಲೂ ಇತ್ತು. ಕರ್ನಾಟಕದವರೇ ಆದ ಕೆ. ಜಗನ್ನಾಥ ಶೆಟ್ಟಿಯವರ ಆಯೋಗ ಬೇಡವೆಂದ ಮೇಲೆ 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದಿತ್ತು. 2025ರ ಮೇ 20ರಂದು ಅದೇ ಕೋರ್ಟ್ ವಾಪಸು ತಂದಿತು. ಕೋರ್ಟಿನ ಮೆಟ್ಟಿಲನ್ನೇ ಹತ್ತದವರು ಪೀಠದಲ್ಲಿ ಕುಳಿತರೆ ಕಷ್ಟವಾಗುತ್ತಿದೆ ಎಂಬುದು ಕಾರಣ. ಆ ಮಾತಿನಲ್ಲಿ ಸತ್ಯವಿದೆ. ಪಾಟೀ ಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು, ಎಲ್ಲಿ ದಾರಿ ತಪ್ಪುತ್ತಿದೆ ಎಂದು ತಿಳಿಯದೆ ತಡಬಡಾಯಿಸುವ ಹೊಸ ನ್ಯಾಯಾಧೀಶರನ್ನು ನಾನೂ ನೋಡಿದ್ದೇನೆ.

ಆದರೆ ಆ ಮೂರು ವರ್ಷ ಹಳ್ಳಿ ಹುಡುಗಿಗೆ ಹೇಗಿರುತ್ತದೆ ಎಂದು ನನ್ನ ಅನುಭವ ಹೇಳುತ್ತೇನೆ. ನನ್ನ ಊರು ಹುಲೇಕಲ್ ಕಡೆ. ವಕೀಲಿಯ ಸನದು ಸಿಕ್ಕ ಮೇಲೆ ಒಬ್ಬ ಹಿರಿಯರ ಆಫೀಸು ಸೇರಿದೆ. ಒಳ್ಳೆಯವರು, ಕೆಟ್ಟದಾಗಿ ಒಂದು ಮಾತಾಡಿದವರಲ್ಲ. ಮೊದಲ ವರ್ಷ ಕೈಗೆ ಸಿಕ್ಕಿದ್ದು ದೀಪಾವಳಿಗೆ ಒಂದು ಲಕೋಟೆ, ಅಷ್ಟೇ. ಅದನ್ನಾದರೂ ಸಹಿಸಬಹುದಿತ್ತು. ಕಕ್ಷಿದಾರರು ಆಫೀಸಿಗೆ ಬರುತ್ತಿದ್ದದ್ದು ಸಂಜೆ, ತೋಟದ ಕೆಲಸ, ಸೊಸೈಟಿಯ ಕೆಲಸ ಮುಗಿಸಿಕೊಂಡು. ಏಳರಿಂದ ಒಂಬತ್ತೂವರೆ ನಿಜವಾದ ಪಾಠದ ಹೊತ್ತು: ಯಾವ ಸಾಕ್ಷಿ ನಿಲ್ಲುತ್ತಾನೆ, ಯಾವ ಕಾಗದ ಮೊದಲು ಹಾಕಬೇಕು, ಎದುರು ಪಾರ್ಟಿ ಏನು ಹೇಳಬಹುದು. ನಮ್ಮೂರಿನ ಕಡೇ ಬಸ್ಸು ಆರೂವರೆಗೆ. ಗಂಡು ಜೂನಿಯರುಗಳು ಬೈಕಿನಲ್ಲಿ ಹೋಗುತ್ತಿದ್ದರು, ಇಲ್ಲವೇ ಪೇಟೆಯಲ್ಲೇ ರೂಮು ಮಾಡಿದ್ದರು. ಮಾರನೇ ದಿನ ನನ್ನ ಕೈಗೆ ಬರುತ್ತಿದ್ದದ್ದು ಕೇಸು ಮುಂದೂಡಲು ಮುದ್ದತು ಕೇಳುವ ಅರ್ಜಿ. ನನಗಿಂತ ಆಮೇಲೆ ಸೇರಿದ ಹುಡುಗ ಎರಡನೇ ವರ್ಷಕ್ಕೇ ಪಾಟೀ ಸವಾಲು ಮಾಡಿದ. ನನಗೆ ಆ ಅವಕಾಶ ಬಂದದ್ದು ಐದನೇ ವರ್ಷ. ನನ್ನನ್ನು ಯಾರೂ ತಡೆಯಲಿಲ್ಲ, ಬಸ್ಸು ಹೊರಡುತ್ತಿತ್ತು. ಅಷ್ಟರಲ್ಲಿ ಮನೆಯಲ್ಲಿ ಮದುವೆ ಮಾತು. ಪರೀಕ್ಷೆ ಬರೆಯುವ ಆಸೆ ಅಲ್ಲಿಗೇ ನಿಂತಿತು, ಆ ನೋವು ಇವತ್ತಿಗೂ ಇದೆ.

ಪೀಠದಲ್ಲಿ ಕುಳಿತ ಮೇಲೂ ಸುಲಭವಿಲ್ಲ. ಮಧ್ಯಪ್ರದೇಶದಲ್ಲಿ 2023ರಲ್ಲಿ ಆರು ಮಹಿಳಾ ಸಿವಿಲ್ ನ್ಯಾಯಾಧೀಶರನ್ನು ಕೆಲಸದಿಂದ ತೆಗೆದಿದ್ದರು. ಅವರಲ್ಲಿ ಒಬ್ಬರಿಗೆ ಅದೇ ಅವಧಿಯಲ್ಲಿ ಗರ್ಭಪಾತವಾಗಿತ್ತು, ಕೋವಿಡ್ ಬಂದಿತ್ತು. ಕೇಸು ಎಷ್ಟು ಮುಗಿಸಿದರು ಎಂದು ಲೆಕ್ಕ ಹಾಕುವಾಗ ಅದ್ಯಾವುದೂ ಗಣನೆಗೆ ಬಂದಿರಲಿಲ್ಲ. ಕೊನೆಗೆ 2025ರ ಫೆಬ್ರವರಿ 28ರಂದು, ಉಳಿದಿದ್ದ ಇಬ್ಬರನ್ನು ಕೆಲಸಕ್ಕೆ ಮರಳಿಸಿದ್ದು ನಾಗರತ್ನ ಅವರಿದ್ದ ಪೀಠ. ಮೇಲೆ ಒಬ್ಬ ಹೆಂಗಸು ಇದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಈ ತೀರ್ಪನ್ನೇ ಹೇಳುವುದು.

ತಂಗಿಗೆ ಹೇಳಿ: ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿಯಾದ ದಿನದಿಂದಲೇ ಮೂರು ವರ್ಷ ಎಣಿಕೆಯಾಗುತ್ತದೆ, ಆದ್ದರಿಂದ ಫಲಿತಾಂಶ ಬಂದ ತಕ್ಷಣ ನೋಂದಾಯಿಸಲಿ. ಹತ್ತು ವರ್ಷ ವಕೀಲಿ ಮಾಡಿದವರ ಪ್ರಮಾಣಪತ್ರ ಬೇಕು, ಅದಕ್ಕೆ ನ್ಯಾಯಾಧೀಶರ ದೃಢೀಕರಣವೂ ಬೇಕು. ಹಾಗಾಗಿ ವಕಾಲತ್ತಿನಲ್ಲಿ ತನ್ನ ಹೆಸರು, ಸಹಿ ಮೊದಲ ದಿನದಿಂದ ಬೀಳುವಂತೆ ನೋಡಿಕೊಳ್ಳಲಿ. ನ್ಯಾಯಾಧೀಶರ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಸೀನಿಯರ್ ಆರಿಸುವಾಗ ಅವರ ಹೆಸರಿಗಿಂತ ಮೊದಲು ಆಫೀಸಿನ ಸಮಯ ಕೇಳಲಿ, ಊರಿನ ಬಸ್ಸಿನ ಸಮಯದ ಜೊತೆ ಹೋಲಿಸಿ ನೋಡಲಿ.

ನಮ್ಮ ಆಫೀಸಿನಲ್ಲಿ ಕಕ್ಷಿದಾರರನ್ನು ಬೆಳಿಗ್ಗೆ ಎಂಟೂವರೆಗೇ ಬರಹೇಳುತ್ತೇವೆ, ಸಂಜೆ ಆರಕ್ಕೆ ಬಾಗಿಲು ಹಾಕುತ್ತೇವೆ. ಮೊದಲು ಕೆಲವರು ಗೊಣಗಿದರು, ಈಗ ರೂಢಿಯಾಗಿದೆ. ಇಬ್ಬರು ಹುಡುಗಿಯರು ಜೂನಿಯರ್ ಆಗಿದ್ದಾರೆ, ಒಬ್ಬಳು ಬನವಾಸಿ ಕಡೆಯವಳು, ಇನ್ನೊಬ್ಬಳು ಸಿದ್ದಾಪುರದವಳು. ಬನವಾಸಿಯವಳು ಕಳೆದ ತಿಂಗಳು ಮೊದಲ ಪಾಟೀ ಸವಾಲು ಮಾಡಿದಳು. ಅವಳು ಸೇರಿ ಹದಿನಾಲ್ಕು ತಿಂಗಳಾಗಿತ್ತು.