ನಿಕೋಡೆಮಸ್‌ಗೆ ರೈಲು ಬರಲೇ ಇಲ್ಲ

ಅಮೆರಿಕದ ಕಾನ್ಸಾಸ್ ರಾಜ್ಯದ ನಿಕೋಡೆಮಸ್ ಅನ್ನೋ ಊರು ಯಾಕೆ ಬೆಳೆಯಲಿಲ್ಲ, ಈಗ ಹೋದರೆ ನೋಡೋಕೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಬೆಳೆಯದೇ ಇದ್ದದ್ದಕ್ಕೆ ಮುಖ್ಯ ಕಾರಣ ರೈಲು.

1877ರಲ್ಲಿ ಕೆಂಟಕಿ ಕಡೆಯಿಂದ ಬಂದ ಕಪ್ಪು ಜನ ಕಟ್ಟಿದ ಊರು ಅದು, ಅವರಲ್ಲಿ ಜಾಸ್ತಿ ಮಂದಿ ಹಿಂದೆ ಗುಲಾಮರಾಗಿದ್ದವರು. ಮರವೇ ಇಲ್ಲದ ಹುಲ್ಲುಬಯಲು, ಮನೆಗೆ ತೊಲೆ ಎಲ್ಲಿಂದ ತರೋದು? ನೆಲ ತೋಡಿ ಅದರೊಳಗೇ ಸಂಸಾರ ಮಾಡಿದರು. ಮರುವರ್ಷ ಬಂದ ಒಬ್ಬ ಹೆಂಗಸು ಊರೆಲ್ಲಿ ಅಂತ ಕೇಳಿದಾಗ ನೆಲದಿಂದ ಏಳುತ್ತಿದ್ದ ಹೊಗೆ ತೋರಿಸಿದರಂತೆ. ಆಕೆ ಅತ್ತೇಬಿಟ್ಟಳು. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ವಾಪಸ್ ಹೋಗುತ್ತಿದ್ದ ಓಸೇಜ್ ಅನ್ನೋ ಅಲ್ಲಿನ ಮೂಲನಿವಾಸಿ ಬುಡಕಟ್ಟಿನ ಜನ ಊಟಕ್ಕೆ ಕೊಟ್ಟಿದ್ದರಿಂದ ಎಷ್ಟೋ ಜೀವ ಉಳಿಯಿತು.

ಹತ್ತು ವರ್ಷದಲ್ಲಿ ಅಂಗಡಿ, ಹೋಟೆಲ್, ಪತ್ರಿಕೆ ಎಲ್ಲಾ ಆಯ್ತು. 1887ರಲ್ಲಿ ಮಿಸೌರಿ ಪೆಸಿಫಿಕ್ ಅನ್ನೋ ಕಂಪನಿಯ ರೈಲು ತರಿಸೋಕೆ 16,000 ಡಾಲರ್ ಬಾಂಡ್‌ಗೆ, ಅಂದರೆ ಸಾಲಪತ್ರಕ್ಕೆ, ಊರವರೇ ಓಟು ಹಾಕಿದರು, ಪಾಪ. ಆ ಕಂಪನಿ ಬರಲಿಲ್ಲ, 1888ರಲ್ಲಿ ಯೂನಿಯನ್ ಪೆಸಿಫಿಕ್ ಅನ್ನೋ ಇನ್ನೊಂದು ಕಂಪನಿಯ ಹಳಿ ಹತ್ತಿರದ ಸಾಲಮನ್ ನದಿಯ ಆಚೆ ದಡದಲ್ಲಿ ಹೋಯ್ತು, ಅಂಗಡಿಯವರೂ ಗಂಟುಮೂಟೆ ಕಟ್ಟಿಕೊಂಡು ಹಳಿ ಪಕ್ಕದ ಬೋಗ್ ಅನ್ನೋ ಊರಿಗೆ ಹೋದರು.

ಈಗ ಉಳಿದಿರೋದು ಮುಖ್ಯವಾಗಿ 5 ಹಳೇ ಕಟ್ಟಡ: ಎರಡು ಚರ್ಚು, ಶಾಲೆ, ಒಂದು ಕಾಲಕ್ಕೆ ಪೋಸ್ಟಾಫೀಸೂ ಆಗಿದ್ದ ಹೋಟೆಲ್, 1939ರ ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್. 1996ರಿಂದ ರಾಷ್ಟ್ರೀಯ ಐತಿಹಾಸಿಕ ತಾಣ. ಸುಮ್ನೆ ಕಟ್ಟಡ ನೋಡೋಕೆ ಅಂತ ಹೋದರೆ ಅರ್ಧ ಗಂಟೆಗೆ ಮುಗಿಯುತ್ತೆ. ಸಾಧ್ಯವಾದರೆ ಜುಲೈ ಕೊನೆಗೆ ಹೋಗಿ, ಆಗ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳೆಲ್ಲ ನಮ್ಮೂರ ಜಾತ್ರೆಗೆ ಬಂದ ಹಾಗೆ ಬಂದು ಸೇರುತ್ತಾರೆ.