ತಿಂದರೂ ಸೊರಗುವ ಬೆಕ್ಕು: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ 11 ವರ್ಷ. 4.2 ಕಿಲೋ ಇದ್ದದ್ದು ಆರು ತಿಂಗಳಲ್ಲಿ 3.1 ಕಿಲೋಗೆ ಇಳಿದಿದೆ. ತಿನ್ನುವುದು ಮೊದಲಿಗಿಂತ ಹೆಚ್ಚೇ. ಬಚ್ಚಲಿನ ಬಾಲ್ದಿಗೆ ತಲೆಹಾಕಿ ನೀರು ಕುಡಿಯುತ್ತದೆ. ಎರಡು ಸಲ ಹುಳದ ಮಾತ್ರೆ ಕೊಟ್ಟಾಯಿತು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದಾಗ ಲಿವರ್‌ನ ಎಎಲ್‌ಟಿ ಎಂಬ ಕಿಣ್ವ ಜಾಸ್ತಿ ಎಂದು ಟಾನಿಕ್ ಬರೆದುಕೊಟ್ಟರು. ಪ್ರಯೋಜನ ಕಾಣಲಿಲ್ಲ. ಮುಂದೇನು ಮಾಡಬೇಕು?
– ಓದುಗರು, ಬದಿಯಡ್ಕ

ಉತ್ತರ: ಹುಳದ ಮಾತ್ರೆ ಇನ್ನು ಸಾಕು. ಮುದಿ ಬೆಕ್ಕು ಬರೀ ಹುಳದಿಂದ ಮೈತೂಕದ ಕಾಲು ಭಾಗ ಕಳೆದುಕೊಳ್ಳುವುದು ಅಪರೂಪ. ಕಾರಣ ಹುಡುಕುವಾಗ ಮೊದಲು ಕೇಳಬೇಕಾದದ್ದು ಒಂದೇ: ಬೆಕ್ಕು ತಿಂದು ಸೊರಗುತ್ತಿದೆಯೇ, ತಿನ್ನದೆ ಸೊರಗುತ್ತಿದೆಯೇ? ನಿಮ್ಮದು ತಿಂದು ಸೊರಗುವ ಬೆಕ್ಕು, ವಯಸ್ಸು ಹತ್ತು ದಾಟಿದೆ, ಬಾಯಾರಿಕೆಯೂ ಉಂಟು. ಆದ್ದರಿಂದ ಮೊದಲ ಸಂಶಯ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿರುವುದರ ಮೇಲೆ, ಎರಡನೆಯದು ಸಕ್ಕರೆ ಕಾಯಿಲೆಯ ಮೇಲೆ. ಕಿಡ್ನಿ ಕಾಯಿಲೆಯಲ್ಲಿಯೂ ನೀರು ಹೆಚ್ಚು ಕುಡಿಯುತ್ತದೆ, ಆದರೆ ಹಸಿವು ಸಾಮಾನ್ಯವಾಗಿ ಕುಗ್ಗುತ್ತದೆ. ಹಾಗೆಂದು ಕಿಡ್ನಿಯನ್ನು ಬಿಡುವಂತಿಲ್ಲ. ಮುದಿ ಬೆಕ್ಕಿಗೆ ಎರಡು ಕಾಯಿಲೆ ಒಟ್ಟಿಗೇ ಇರುವುದುಂಟು.

ಎಎಲ್‌ಟಿ ವಿಚಾರ: ಥೈರಾಯ್ಡ್ ಹೆಚ್ಚಾದ ಬೆಕ್ಕುಗಳಲ್ಲಿಯೂ ಅದು ಏರುತ್ತದೆ, ಥೈರಾಯ್ಡ್ ಹತೋಟಿಗೆ ಬಂದಾಗ ತಾನಾಗಿ ಇಳಿಯುತ್ತದೆ. ಟಾನಿಕ್ ನಾಟದೇ ಇದ್ದದ್ದು ಇದೇ ಕಾರಣಕ್ಕಿರಬಹುದು.

ಆಸ್ಪತ್ರೆಗೆ ಹೋಗುವ ಮೊದಲು ನೀರಿನ ಲೆಕ್ಕ ತೆಗೆಯಿರಿ. ಬಾಲ್ದಿ, ಕೊಡಪಾನಗಳಿಗೆಲ್ಲ ಮುಚ್ಚಳ ಹಾಕಿ, ಬೆಕ್ಕನ್ನು ಒಂದು ದಿನ ಕೋಣೆಯೊಳಗೆ ಇಟ್ಟುಕೊಂಡು 500 ಮಿಲಿ ನೀರು ಅಳೆದಿಡಿ. 24 ಗಂಟೆಯ ಮೇಲೆ ಉಳಿದದ್ದನ್ನು ಅಳೆದು ಕಳೆಯಿರಿ. ಆರೋಗ್ಯವಂತ ಬೆಕ್ಕಿಗೆ ಕಿಲೋಗೆ ಸುಮಾರು 50 ಮಿಲಿ ಸಾಕು, ಗಂಜಿ, ಮೀನುಸಾರು ತಿನ್ನುವುದಾದರೆ ಅದಕ್ಕಿಂತಲೂ ಕಡಿಮೆ. ಕಿಲೋಗೆ 100 ಮಿಲಿ ದಾಟಿದರೆ, ಅಂದರೆ ನಿಮ್ಮ ಬೆಕ್ಕು 310 ಮಿಲಿಗಿಂತ ಹೆಚ್ಚು ಕುಡಿದರೆ, ಅದು ರೋಗದ ಲಕ್ಷಣವೇ. ತೂಕವನ್ನು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬುಟ್ಟಿ ಸಮೇತ ನೋಡಿ ಬರೆದಿಡಿ. ಬೆಕ್ಕನ್ನು ಎತ್ತಿಕೊಂಡು ನಾವು ನಿಂತು ನೋಡುವ ತೂಕದ ಯಂತ್ರದಲ್ಲಿ ನೂರು ಗ್ರಾಂನ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಕ್ಕಿಗೆ ನೂರು ಗ್ರಾಂ ಸಣ್ಣ ಸಂಗತಿಯಲ್ಲ.

ಬಳಿಕ ಒಂದೇ ಸಲ ರಕ್ತ ತೆಗೆಸಿ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಯೂರಿಯಾ, ಜೊತೆಗೆ ಸಕ್ಕರೆ, ರಕ್ತಕಣಗಳ ಎಣಿಕೆ, ಥೈರಾಯ್ಡ್ ಹಾರ್ಮೋನಾದ ಟಿ-4 ಇಷ್ಟನ್ನೂ ಕೇಳಿ. ಟಿ-4ರಲ್ಲಿ ಒಂದು ಹಳ್ಳವಿದೆ. ಮನುಷ್ಯರ ಲ್ಯಾಬಿಗೆ ಕಳಿಸಿದರೆ ರಿಪೋರ್ಟಿನಲ್ಲಿ ಮನುಷ್ಯರ ಮಿತಿಯೇ ಅಚ್ಚಾಗಿರುತ್ತದೆ, ಡೆಸಿಲೀಟರ್‌ಗೆ ಸುಮಾರು 5ರಿಂದ 12 ಮೈಕ್ರೋಗ್ರಾಂ. ಬೆಕ್ಕಿನ ಮಿತಿ ಸುಮಾರು 1ರಿಂದ 4. ಹೀಗಾಗಿ 8 ಬಂದ ಬೆಕ್ಕಿಗೂ ‘ನಾರ್ಮಲ್’ ಎಂದು ಬರುತ್ತದೆ, ನಿಜದಲ್ಲಿ ಅದು ಮಿತಿಯ ದುಪ್ಪಟ್ಟು. ಪ್ರಾಣಿಗಳ ರಕ್ತ ನೋಡುವ ಲ್ಯಾಬಿಗೇ ಕಳಿಸಲು ಹೇಳಿ. ಅಂಕಿ ಮೇಲಿನ ಮಿತಿಯ ಹತ್ತಿರ ಬಂದು ನಿಂತಿದ್ದರೂ ಥೈರಾಯ್ಡ್ ಇಲ್ಲವೆಂದು ತೀರ್ಮಾನಿಸಬೇಡಿ. ಬೇರೆ ಕಾಯಿಲೆ ಜೊತೆಗಿದ್ದರೆ ಟಿ-4 ಕೆಳಗೆ ಜಗ್ಗುತ್ತದೆ. ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು.

ಎಲ್ಲರೂ ಬಿಟ್ಟುಬಿಡುವುದು ಮೂತ್ರ ಪರೀಕ್ಷೆಯನ್ನು. ಕ್ರಿಯಾಟಿನಿನ್ ಏರುವ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಪಾಲು ಶಕ್ತಿ ಹೋಗಿರುತ್ತದೆ. ಮೂತ್ರ ತೆಳ್ಳಗಾಗುವುದು ಅದಕ್ಕೂ ಮೊದಲು: ಮೂತ್ರ ಎಷ್ಟು ಗಟ್ಟಿ ಎಂದು ಹೇಳುವ ಸ್ಪೆಸಿಫಿಕ್ ಗ್ರ್ಯಾವಿಟಿ 1.035ಕ್ಕಿಂತ ಕೆಳಗೆ ಇಳಿದಿದ್ದರೆ ಕಿಡ್ನಿಯ ಕಡೆ ನೋಡಬೇಕು. ಸಕ್ಕರೆಗೂ ಮೂತ್ರವೇ ಸಾಕ್ಷಿ. ಬುಟ್ಟಿಯಲ್ಲಿ ಕಟ್ಟಿ, ಬಸ್ಸಿನಲ್ಲಿ ಕುಲುಕಿ, ನಾಯಿಗಳ ನಡುವೆ ಕೂರಿಸಿದ ಬೆಕ್ಕಿಗೆ ಹೆದರಿಕೆಯಿಂದಲೇ ರಕ್ತದ ಸಕ್ಕರೆ 200, 300 ತಲುಪುವುದುಂಟು. ಮನೆಯಲ್ಲಿ ಹಿಡಿದ ಮೂತ್ರದಲ್ಲಿಯೂ ಸಕ್ಕರೆ ಇದ್ದರೆ, ಅಥವಾ ಹಿಂದಿನ ಒಂದೆರಡು ವಾರದ ಸರಾಸರಿ ಹೇಳುವ ಫ್ರಕ್ಟೋಸಮೈನ್ ಏರಿದ್ದರೆ ಮಾತ್ರ ಅದು ಸಕ್ಕರೆ ಕಾಯಿಲೆ. ತೋಟದಲ್ಲಿ ಹೊಂಡ ತೋಡಿ ಹೋಗುವ ಬೆಕ್ಕಿನ ಮೂತ್ರ ಹಿಡಿಯುವುದು ಹೇಗೆಂದರೆ, ರಾತ್ರಿ ಒಳಗಿಟ್ಟು ತಟ್ಟೆಯಲ್ಲಿ ಮಣ್ಣಿನ ಬದಲು ತೊಳೆದು ಒಣಗಿಸಿದ ಅಕ್ವೇರಿಯಂ ಕಲ್ಲು ಹಾಕಿ. ಅದು ಮೂತ್ರ ಹೀರುವುದಿಲ್ಲ, ಸಿರಿಂಜಿನಲ್ಲಿ ಎಳೆದುಕೊಳ್ಳಬಹುದು. ಆಗದಿದ್ದರೆ ಡಾಕ್ಟರು ಸೂಜಿಯಿಂದ ಮೂತ್ರಕೋಶದಿಂದಲೇ ತೆಗೆಯುತ್ತಾರೆ. ನೋಡುವವರಿಗೆ ಭಯ, ಬೆಕ್ಕಿಗೆ ಅಷ್ಟಿಲ್ಲ.

ಥೈರಾಯ್ಡ್ ಎಂದಾದರೆ ಮೆಥಿಮಾಜೋಲ್ ಅಥವಾ ಕಾರ್ಬಿಮಾಜೋಲ್ ಮಾತ್ರೆ ಶುರುಮಾಡುತ್ತಾರೆ. ಎರಡರಿಂದ ನಾಲ್ಕು ವಾರದೊಳಗೆ ಟಿ-4 ಮತ್ತು ಕ್ರಿಯಾಟಿನಿನ್ ಎರಡನ್ನೂ ಮತ್ತೆ ನೋಡಲೇಬೇಕು. ಥೈರಾಯ್ಡ್ ಜೋರಿದ್ದಾಗ ಕಿಡ್ನಿಗೆ ರಕ್ತ ಹೆಚ್ಚು ಹರಿದು, ಒಳಗಿನ ಹುಳುಕು ಮುಚ್ಚಿಹೋಗಿರುತ್ತದೆ. ಮಾತ್ರೆಯಿಂದ ಥೈರಾಯ್ಡ್ ಹಿಡಿತಕ್ಕೆ ಬಂದಾಗ ಆ ಹುಳುಕು ಹೊರಬೀಳುತ್ತದೆ. ಮೂರೂ ಅಲ್ಲವೆಂದಾದರೆ ಹೊಟ್ಟೆಯ ಸ್ಕ್ಯಾನಿಂಗ್. ಆಗ ಸಂಶಯ ಕರುಳಿನ ದೀರ್ಘಕಾಲದ ಉರಿಯೂತ ಅಥವಾ ಲಿಂಫೋಮಾ ಎಂಬ ಕ್ಯಾನ್ಸರಿನ ಮೇಲೆ. ಸ್ಕ್ಯಾನಿಂಗಿನಲ್ಲಿ ಇವೆರಡನ್ನೂ ಬೇರೆಮಾಡಲು ಆಗದು, ಕರುಳಿನ ತುಣುಕು ತೆಗೆದು ನೋಡಬೇಕಾಗುತ್ತದೆ.

ಪ್ರಶ್ನೆ: ಎರಡು ವರ್ಷದ ಗಂಡು ಬೆಕ್ಕು, ಹಲ್ಲಿ ಹಿಡಿದು ತಿನ್ನುವುದೇ ಅದರ ಕಸುಬು. ಒಂದು ತಿಂಗಳಿಂದ ಊಟ ಕಡಿಮೆ, ವಾಂತಿ, ಎಲುಬು ಕಾಣುತ್ತಿದೆ. ಕಿವಿಯ ಒಳಭಾಗ ಹಳದಿಯಾದಂತಿದೆ.
– ಓದುಗರು, ಉಪ್ಪಳ

ಉತ್ತರ: ಹಳದಿ ಬಂದಿದ್ದರೆ ಕಾಯಬೇಡಿ, ನಾಳೆಯೇ ತೋರಿಸಿ. ಹಲ್ಲಿ ತಿನ್ನುವ ಬೆಕ್ಕುಗಳಿಗೆ ಉಷ್ಣವಲಯದಲ್ಲಿ ಪಿತ್ತನಾಳದಲ್ಲಿ ಕೂರುವ ಪ್ಲಾಟಿನೋಸೋಮಮ್ ಎಂಬ ಚಪ್ಪಟೆ ಹುಳ ಬರುತ್ತದೆ. ಬೆಕ್ಕಿನ ಮಲದ ಮೊಟ್ಟೆ ಬಸವನಹುಳಕ್ಕೆ, ಅಲ್ಲಿಂದ ಸಣ್ಣ ಕೀಟಗಳಿಗೆ, ಹಲ್ಲಿಗೆ, ಮತ್ತೆ ಬೆಕ್ಕಿಗೆ. ಮಲವನ್ನು ತೇಲಿಸಿ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಈ ಮೊಟ್ಟೆ ಸುಲಭಕ್ಕೆ ಸಿಗದು. ನೀರಿನಲ್ಲಿ ತಳಕ್ಕಿಳಿಸಿ ನೋಡುವ ವಿಧಾನವೇ ಆಗಬೇಕೆಂದು ಹೇಳಿ. ಪಿತ್ತನಾಳ ಪೂರ್ತಿ ಕಟ್ಟಿದ್ದರೆ ಅದರಲ್ಲಿಯೂ ಸಿಗದೆ ಹೋಗಬಹುದು, ಆಗ ಸ್ಕ್ಯಾನಿಂಗೇ ಗತಿ. ಲಾಡಿಹುಳಕ್ಕೆ ಕೊಡುವ ಪ್ರಾಜಿಕ್ವಾಂಟೆಲ್ ಇದಕ್ಕೂ ಔಷಧಿಯೇ, ಆದರೆ ಲಾಡಿಹುಳಕ್ಕೆ ಕಿಲೋಗೆ ಸುಮಾರು 5 ಮಿಲಿಗ್ರಾಂ ಒಂದು ಸಲ ಸಾಕಾದರೆ ಇಲ್ಲಿ ಕಿಲೋಗೆ 20 ಮಿಲಿಗ್ರಾಂನಂತೆ ಮೂರರಿಂದ ಐದು ದಿನ ಬೇಕಾಗುತ್ತದೆ. ಲಿವರ್ ನೊಂದಿರುವಾಗ ಇದನ್ನು ಡಾಕ್ಟರ ಕೈಯಲ್ಲೇ ಮಾಡಿಸಿ. ಬೀದಿ ಗಂಡುಗಳೊಡನೆ ಕಚ್ಚಾಡುವ ಬೆಕ್ಕಾದರೆ ಬೆಕ್ಕುಗಳ ರೋಗನಿರೋಧಕ ಶಕ್ತಿ ಕುಗ್ಗಿಸುವ ಎಫ್‌ಐವಿ, ಎಫ್‌ಇಎಲ್‌ವಿ ವೈರಸ್‌ಗಳ ಕಿಟ್ ಪರೀಕ್ಷೆಯೂ ಆಗಲಿ.

ಪ್ರಶ್ನೆ: ಬೆಕ್ಕು ತಟ್ಟೆಯ ಹತ್ತಿರ ಓಡಿ ಬರುತ್ತದೆ, ಒಂದು ತುತ್ತು ಬಾಯಿಗೆ ಹಾಕಿ ತಲೆ ಕೊಡವಿ ಹಿಂದೆ ಸರಿಯುತ್ತದೆ. ಜೊಲ್ಲು ಸುರಿಯುತ್ತದೆ.
– ಓದುಗರು, ಕುಂಬಳೆ

ಉತ್ತರ: ಹಸಿವು ಇದೆ, ಬಾಯಿ ನೋವು. ಹಲ್ಲಿನ ಬುಡ ಕರಗುವುದು ಅಥವಾ ವಸಡು ಉರಿ ಇರಬಹುದು, ನಾಲಿಗೆಯಡಿ ಮೀನಿನ ಮುಳ್ಳೋ ನೂಲೋ ಸಿಕ್ಕಿರಬಹುದು. ನೂಲು ಕಂಡರೆ ಎಳೆಯಬೇಡಿ; ಇನ್ನೊಂದು ತುದಿ ಕರುಳಿನಲ್ಲಿದ್ದರೆ ಕರುಳು ಸೀಳುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬಾರದು, ಒಂದು ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ಎರಡು ದಿನ ಏನೂ ತಿನ್ನದಿದ್ದರೆ, ದಪ್ಪ ಬೆಕ್ಕಾದರೆ ಮುಖ್ಯವಾಗಿ, ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುವ ಅಪಾಯ ಉಂಟು.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿಗೆ ಮೊಸರನ್ನ, ಹಾಲು ಬಿಟ್ಟರೆ ಬೇರೇನಿಲ್ಲ. ಹೊಟ್ಟೆ ತುಂಬ ತಿಂದರೂ ಬೆನ್ನೆಲುಬು ಕಾಣುತ್ತದೆ.
– ಓದುಗರು, ಪೆರ್ಲ

ಉತ್ತರ: ರೋಗ ಹುಡುಕುವ ಮೊದಲು ತಟ್ಟೆ ಬದಲಿಸಿ. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಲಾರದು, ಅದು ಮಾಂಸ, ಮೀನಿನಿಂದಲೇ ಬರಬೇಕು. ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮನೆಯಲ್ಲಿ ಮೀನು ಬೇಯಿಸಲಾಗದಿದ್ದರೆ ಅಂಗಡಿಯ ಕ್ಯಾಟ್ ಫುಡ್ ತನ್ನಿ, ನಾಯಿಯದ್ದು ಬೇಡ. 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಬೇಕು. ಒಣ ಆಹಾರದಲ್ಲಿ ಅದು 50ರಿಂದ 60 ಗ್ರಾಂ. ಏಳು ದಿನ ತೆಗೆದುಕೊಂಡು ಸ್ವಲ್ಪಸ್ವಲ್ಪವೇ ಬದಲಿಸಿ, ಇಲ್ಲವಾದರೆ ಭೇದಿ ಶುರುವಾಗುತ್ತದೆ. ತಿಂಗಳೊಳಗೆ ತೂಕ ಏರದಿದ್ದರೆ ಮಲ ಪರೀಕ್ಷೆ ಮಾಡಿಸಿ.